ಚೆಸ್ಟ್ ಫ್ರೀಜರಿನ ಹಿಮವನ್ನು ಸುರಕ್ಷಿತವಾಗಿ ಕರಗಿಸುವ ಬಗೆ

ಮುಚ್ಚಳ ಮೇಲಕ್ಕೆ ತೆರೆಯುವ ಪೆಟ್ಟಿಗೆಯಂಥ ಚೆಸ್ಟ್ ಫ್ರೀಜರಿನ ಒಳಗೋಡೆಗಳ ಮೇಲೆ ಹಿಮವು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬೆಳೆದಾಗ ಅದನ್ನು ಕರಗಿಸಬೇಕು. ಇಲ್ಲದಿದ್ದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ವಿದ್ಯುತ್ ಖರ್ಚು ಏರುತ್ತದೆ.

ಮೊದಲು ಒಳಗಿನ ಆಹಾರವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಕಂಬಳಿ ಹೊದಿಸಿ ನೆರಳಿನಲ್ಲಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು, ಒಣಗಿದ ಕೈಯಿಂದ ಪ್ಲಗ್ಗನ್ನೂ ತೆಗೆಯಬೇಕು. ತಳದಲ್ಲಿ ನೀರು ಹೋಗುವ ರಂಧ್ರವಿದ್ದರೆ ಅದರ ಬಿರಡೆ ತೆಗೆದು ಕೆಳಗೆ ಅಗಲವಾದ ತಟ್ಟೆಯಿಡಿ. ಮುಚ್ಚಳ ತೆರೆದಿಟ್ಟರೆ ಹಿಮ ತಾನಾಗಿಯೇ ಸಡಿಲವಾಗುತ್ತದೆ. ಬೇಗ ಮುಗಿಯಬೇಕಿದ್ದರೆ ಮಡಚಿದ ಬಟ್ಟೆಯ ಮೇಲೆ ಬಿಸಿನೀರಿನ ಪಾತ್ರೆಯನ್ನು ಒಳಗಿಟ್ಟು ಮುಚ್ಚಳ ಹಾಕಬಹುದು. ಮಕ್ಕಳಿರುವ ಮನೆಯಲ್ಲಿ ಈ ಹೊತ್ತಿನಲ್ಲಿ ಫ್ರೀಜರನ್ನು ಬಿಟ್ಟು ಹೋಗಲೇಬಾರದು.

ಚಾಕು, ಸ್ಕ್ರೂಡ್ರೈವರ್‌ಗಳಿಂದ ಹಿಮವನ್ನು ಎಂದಿಗೂ ಕೆತ್ತಬೇಡಿ. ಶೀತಕದ, ಅಂದರೆ ಫ್ರೀಜರನ್ನು ತಂಪಾಗಿಸುವ ವಸ್ತುವಿನ, ಕೊಳವೆಗಳು ತೆಳುವಾದ ಒಳಗೋಡೆಯ ಹಿಂದೆಯೇ ಹಾದುಹೋಗುವುದರಿಂದ ಒಂದು ಸಣ್ಣ ತೂತು ಬಿದ್ದರೂ ಫ್ರೀಜರ್ ಕೆಡುತ್ತದೆ. ಅಲ್ಲದೆ ಇತ್ತೀಚಿನ ಅನೇಕ ಫ್ರೀಜರುಗಳಲ್ಲಿ ಶೀತಕವಾಗಿರುವ ಆರ್600ಎ, ಅಂದರೆ ಐಸೋಬ್ಯುಟೇನ್, ಸುಲಭವಾಗಿ ಹೊತ್ತಿಕೊಳ್ಳುವ ಅನಿಲ. ನೀರು ನಿಂತಿರುವಲ್ಲಿ ಹೇರ್ ಡ್ರೈಯರ್ ಬಳಸುವುದೂ ಅಪಾಯಕಾರಿ. ಸಡಿಲಗೊಂಡ ತುಂಡುಗಳನ್ನು ಮರದ ಅಥವಾ ಪ್ಲಾಸ್ಟಿಕ್ ಸಟ್ಟುಗದಿಂದ ಎತ್ತಿದರೆ ಸಾಕು.

ಆಮೇಲೆ ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ಒರೆಸಿ, ಮುಚ್ಚಳದ ರಬ್ಬರ್ ಪಟ್ಟಿಯ ಸಂದುಗಳನ್ನೂ ಸೇರಿಸಿ ಪೂರ್ತಿ ಒಣಗಿಸಿ, ಬಿರಡೆ ಹಾಕಿ, ಖಾಲಿ ಫ್ರೀಜರನ್ನೇ ಚಾಲೂ ಮಾಡಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಆಹಾರವನ್ನು ಮರಳಿ ಇಡಿ. ಕರಗಿ ಬೆಚ್ಚಗಾಗಿ ಎರಡು ಗಂಟೆಗೂ ಹೆಚ್ಚು ಹೊತ್ತು ಉಳಿದ ಮೀನು, ಮಾಂಸವನ್ನು ಎಸೆಯಬೇಕು.