ಕೊಡಗಿನಿಂದ ಹೋಗಿ ಪಿನಿಸಿ ಹಿಡಿದದ್ದು

ಕೊಡಗಿನವರಿಗೆ ಸಮುದ್ರ ಅಂದರೆ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕಣ್ಣೂರು, ತಲಶ್ಶೇರಿ. ಬೆಳಿಗ್ಗೆ ಹೋಗಿ, ಮೀನು ಊಟ ಮಾಡಿ, ಕತ್ತಲಾಗುವಷ್ಟರಲ್ಲಿ ವಾಪಸ್. ದೋಣಿ ಅಂದರೆ ದುಬಾರೆಯಲ್ಲಿ ಹೊಳೆ ದಾಟಿಸುವ ದೋಣಿ. ಅಂಥ ನಾವು ಇಡೀ ಕುಟುಂಬ ಇಂಡೊನೇಷ್ಯಾಕ್ಕೆ ಹೋಗಿ, ಪಿನಿಸಿ ಎಂಬ ಮರದ ಹಾಯಿಹಡಗೊಂದನ್ನು ಪೂರ್ತಿ ಬಾಡಿಗೆಗೆ ಹಿಡಿದು ಕೊಮೊಡೊ ದ್ವೀಪಗಳನ್ನು ಸುತ್ತಿಬಂದೆವು. ಅಂದಿನಿಂದ ಸಿದ್ದಾಪುರದ ಪೇಟೆಯಲ್ಲಿ ಸಿಕ್ಕವರೆಲ್ಲ "ಎಷ್ಟಾಯ್ತು, ಹೇಗೆ ಮಾಡಿದ್ರಿ" ಎಂದು ಕೇಳುತ್ತಾರೆ. ಎಷ್ಟಾಯಿತು ಎನ್ನುವುದಕ್ಕಿಂತ ಹೇಗೆ ಮಾಡಿದೆವು ಎನ್ನುವುದರಲ್ಲೇ ಹೇಳಬೇಕಾದದ್ದು ಹೆಚ್ಚಿದೆ.

ಹತ್ತಿರದಲ್ಲೇ ಏನಾದರೂ ಸಿಗುತ್ತದೆಯೇ ಎಂದು ಮೊದಲು ನೋಡಿದ್ದೆ. ಆಲಪ್ಪುಳದ ಹೌಸ್‌ಬೋಟಿಗೆ ಹಾಯಿ ಇಲ್ಲ, ಅದು ಹಿನ್ನೀರು ಬಿಟ್ಟು ಕದಲುವುದೂ ಇಲ್ಲ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ನಾವೆಗಳು ಸಾಮಾನು ಹೊರುವಂಥವು. ಕೇರಳದ ಬೇಪೂರಿನಲ್ಲಿ ಕಟ್ಟುವ ಉರು ಎಂಬ ಮರದ ಹಡಗುಗಳು ಅರಬ್ ದೇಶದ ಸಾಹುಕಾರರ ಪಾಲು. ಟರ್ಕಿಯ ಗುಲೆಟ್ ಎಂಬ ಮರದ ಹಾಯಿಹಡಗು ಚೆನ್ನಾಗಿತ್ತು. ಆದರೆ ನಮ್ಮವರಿಗೆ ಅಲ್ಲಿನ ಇ-ವೀಸಾ ಸಿಗಬೇಕಾದರೆ ಪಾಸ್‌ಪೋರ್ಟಿನಲ್ಲಿ ಅಮೆರಿಕವೋ ಯೂರೋಪೋ ಯಾವುದಾದರೂ ವೀಸಾ ಮೊದಲೇ ಇರಬೇಕು. ಮಾವ, ಅತ್ತೆಯ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇರಲಿಲ್ಲ. ಇಂಡೊನೇಷ್ಯಾದಲ್ಲಿ ಇಳಿದ ಮೇಲೂ ವೀಸಾ ಕೊಡುತ್ತಾರೆ, 5 ಲಕ್ಷ ರುಪಿಯ, ಮೂವತ್ತು ದಿನಕ್ಕೆ. ಐದು ಲಕ್ಷ ಎಂದದ್ದಕ್ಕೆ ಅತ್ತೆ ಎದೆ ಹಿಡಿದುಕೊಂಡರು. ಅದು ಅಲ್ಲಿನ ದುಡ್ಡು, ನಮ್ಮಲ್ಲಿ ಮೂರು ಸಾವಿರದ ಆಚೀಚೆ.

ಪಿನಿಸಿಯನ್ನು ಕಟ್ಟುವುದು ದಕ್ಷಿಣ ಸುಲಾವೆಸಿಯ ಬುಲುಕುಂಬ ಜಿಲ್ಲೆಯಲ್ಲಿ. ತಾನಾ ಬೇರು, ಆರಾ, ಬಿರಾ ಎಂಬ ಊರುಗಳ ಕಡಲ ದಂಡೆಯೇ ಕಾರ್ಖಾನೆ. ಮೊದಲು ಹೊರಮೈಯ ಹಲಗೆ ಏರಿಸಿ ಮರದ ಗೂಟ ಬಡಿದು ಜೋಡಿಸುತ್ತಾರೆ, ಒಳಗಿನ ಅಡ್ಡಪಟ್ಟಿಗಳು ಬರುವುದು ಆಮೇಲೆ. ಎರಡು ಹಾಯಿಕಂಬ, ಏಳು ಹಾಯಿ ಇರುವುದು ಪಿನಿಸಿಯ ಗುರುತು. 2017ರಲ್ಲಿ ಯುನೆಸ್ಕೋ ಈ ಕಟ್ಟುವ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ದ್ವೀಪದಿಂದ ದ್ವೀಪಕ್ಕೆ ಸರಕು ಸಾಗಿಸುತ್ತಿದ್ದ ಜಾತಿಯ ಹಡಗು ಈಗ ಕ್ಯಾಬಿನ್, ಎಸಿ, ಬಾತ್‌ರೂಮ್ ಹಾಕಿಸಿಕೊಂಡು ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೊ ಬಂದರಿನಲ್ಲಿ ಪ್ರವಾಸಿಗಳಿಗೆ ಕಾದು ನಿಂತಿರುತ್ತದೆ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್, ಅಲ್ಲಿಂದ ಸುಮಾರು ಒಂದು ಗಂಟೆಯ ವಿಮಾನ.

ಯಾವಾಗ ಹೋಗಬೇಕು ಎನ್ನುವುದನ್ನು ನಮ್ಮ ತೋಟವೇ ತೀರ್ಮಾನಿಸಿತು. ನವೆಂಬರಿನಿಂದ ಮಾರ್ಚ್ ತನಕ ಕಾಫಿ ಕೊಯ್ಲು, ಅದರ ಬೆನ್ನಿಗೇ ಕಾಳುಮೆಣಸು, ನಡುವೆ ಹೂಮಳೆಯ ಚಿಂತೆ. ಉಳಿಯುವುದು ಜೂನ್ ಮಳೆ ಹಿಡಿಯುವ ಮೊದಲಿನ ಮೇ ತಿಂಗಳು, ಮಕ್ಕಳಿಗೂ ಆಗಲೇ ರಜೆ. ಅದು ಊರಿನ ಮದುವೆಗಳ ಕಾಲವೂ ಹೌದು, ಯಾರ್ಯಾರ ಮದುವೆ ತಪ್ಪಿಸಿದಿರಿ ಎಂದು ಇಂದಿಗೂ ಲೆಕ್ಕ ಕೇಳುವವರಿದ್ದಾರೆ. ಆದರೆ ಕೊಮೊಡೊಗೆ ಮೇ ಒಳ್ಳೆಯ ತಿಂಗಳು. ಡಿಸೆಂಬರಿನಿಂದ ಮಾರ್ಚ್ ಅಲ್ಲಿ ಮಳೆಗಾಲ, ಸಮುದ್ರ ಒರಟು. ಕ್ರಿಸ್‌ಮಸ್ ರಜೆಗೆ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ಬೀಳಬೇಡಿ. ಜುಲೈ, ಆಗಸ್ಟಿನಲ್ಲಿ ಆಗ್ನೇಯದ ಗಾಳಿಯೂ ಜೋರು, ಜನವೂ ಜೋರು.

ಇನ್ನು ಹಡಗು ಆರಿಸುವ ವಿಷಯ. ನಾನು ತೋಟದ ಮಗ್ಗುಲಲ್ಲೇ ಸಣ್ಣ ಹೋಂಸ್ಟೇ ನಡೆಸುತ್ತೇನೆ. ಇಕ್ಕಟ್ಟಿನ ಕೋಣೆ ವಿಶಾಲವಾಗಿ ಕಾಣಬೇಕಾದರೆ ಕ್ಯಾಮೆರಾವನ್ನು ಯಾವ ಮೂಲೆಯಲ್ಲಿ ಹಿಡಿಯಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಏಜೆಂಟರು ಕಳಿಸಿದ ಬಿಳಿ ಹಾಸಿಗೆ, ಮುಳುಗುವ ಸೂರ್ಯ, ಹಣ್ಣಿನ ತಟ್ಟೆಗಳ ಫೋಟೋಗಳನ್ನೆಲ್ಲ ಬದಿಗಿಟ್ಟು, ಫೋಟೋದಲ್ಲಿ ಇಲ್ಲದ್ದನ್ನೇ ಕೇಳುತ್ತಾ ಹೋದೆ. ಎಂಜಿನ್ ಕೋಣೆಯನ್ನು ವಿಡಿಯೋ ಕರೆಯಲ್ಲಿ ತೋರಿಸಿ ಅಂದೆ. ಮರದ ಹಡಗಿಗೆ ಬೆಂಕಿಯ ಭಯ ಸಣ್ಣದಲ್ಲ. ವೈರುಗಳು ಪೈಪಿನೊಳಗೆ ಓಡಿವೆಯೋ, ಜೋತು ಬಿದ್ದಿವೆಯೋ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಮುಗಿದಿದೆಯೋ ನೋಡಬೇಕು. ಕೆಳಗಿನ ಕ್ಯಾಬಿನ್ನಿನಿಂದ ಹೊರಬರಲು ಇನ್ನೊಂದು ದಾರಿ ಇದೆಯೇ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಷ್ಟಿವೆ? ಲೈಫ್ ರಾಫ್ಟ್, ವಿಎಚ್‌ಎಫ್ ರೇಡಿಯೊ ಇವೆಯೇ? ರಾತ್ರಿ ಲಂಗರು ಹಾಕಿದ ಮೇಲೆ ಎಚ್ಚರವಿರುವವರು ಯಾರು? ಎಸಿ ರಾತ್ರಿಯಿಡೀ ಓಡುತ್ತದೆಯೇ, ಜನರೇಟರಿನ ಹೊಗೆ ಯಾವ ಕ್ಯಾಬಿನ್ನಿನ ಕಿಟಕಿಗೆ ಬಡಿಯುತ್ತದೆ?

ಒಬ್ಬ ಏಜೆಂಟ್ ಅಲ್ಲಿಗೆ ಮಾತು ನಿಲ್ಲಿಸಿದ. ಇನ್ನೊಬ್ಬ "ಡೋಂಟ್ ವರಿ ಮ್ಯಾಡಮ್" ಎಂದು ಇನ್ನಷ್ಟು ಸೂರ್ಯಾಸ್ತ ಕಳಿಸಿದ. ಮತ್ತೊಬ್ಬ ಫೋನ್ ಹಿಡಿದುಕೊಂಡೇ ಏಣಿ ಇಳಿದು ಎಂಜಿನ್ ಪಕ್ಕ ನಿಂತ, ಬೆವರು ಒರೆಸಿಕೊಳ್ಳುತ್ತ ಒಂದೊಂದನ್ನೂ ತೋರಿಸಿದ. ಅವನ ದರ ಉಳಿದವರಿಗಿಂತ ಹೆಚ್ಚೇ ಇತ್ತು. ಅವನಿಗೇ ಕೊಟ್ಟೆವು.

ಹಾಯಿಯ ಬಗ್ಗೆ ಪ್ರತ್ಯೇಕವಾಗಿ ಕೇಳಲೇಬೇಕು. ಪಿನಿಸಿ ಎಂದು ಬಾಡಿಗೆಗೆ ಬಿಡುವ ಎಷ್ಟೋ ಹಡಗುಗಳಲ್ಲಿ ಕಂಬ ಇರುವುದು ಅಂದಕ್ಕೆ, ಓಡುವುದು ಡೀಸೆಲ್ಲಿನ ಮೇಲೆ. ಹಾಯಿ ಬಿಚ್ಚಿದ ಇತ್ತೀಚಿನ ವಿಡಿಯೋ ಕಳಿಸಿ ಎಂದರೆ ಅರ್ಧ ಜನ ಅಲ್ಲೇ ಉದುರಿಹೋಗುತ್ತಾರೆ. "ಗಾಳಿ ಅನುಕೂಲವಿದ್ದರೆ ಎಂಜಿನ್ ನಿಲ್ಲಿಸಿ ಹಾಯಿಯಲ್ಲಿ ಒಯ್ಯತಕ್ಕದ್ದು" ಎಂಬ ಸಾಲನ್ನು ನಾವು ಒಪ್ಪಂದದಲ್ಲಿ ಬರೆಸಿದೆವು. ಅದೇ ಕಾಗದದಲ್ಲಿ ಇನ್ನೆರಡು ವಿಷಯ ಇರಬೇಕು. ಬಂದರಿನ ಅಧಿಕಾರಿ, ಅಲ್ಲಿನವರು ಶಾಬಂದರ್ ಅನ್ನುತ್ತಾರೆ, ಹವಾಮಾನ ನೋಡಿ ಹಡಗು ಬಿಡಲು ಅನುಮತಿ ಕೊಡದಿದ್ದರೆ ದುಡ್ಡು ವಾಪಸ್ಸೋ, ತಾರೀಖು ಬದಲೋ ಎನ್ನುವುದು ಒಂದು. ಹೊರಟ ಮೇಲೆ ದಾರಿ ಬದಲಿಸುವ ಹಕ್ಕು ಕ್ಯಾಪ್ಟನ್ನನದು, ಅದಕ್ಕೆ ನಾವು ತಕರಾರು ಮಾಡುವಂತಿಲ್ಲ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ನನ್ನ ಮೈದುನ ಮುಖ ಗಂಟಿಕ್ಕಿದ, "ದುಡ್ಡು ಕೊಡೋದು ನಾವಲ್ವಾ ಅತ್ತಿಗೆ?" ಅಂದ. ಜೂನ್ ಮಳೆಯಲ್ಲಿ ಹೊಳೆಗೆ ಇಳಿಯುತ್ತೇವೆ ಎಂದು ಹಟ ಹಿಡಿಯುವ ಹೋಂಸ್ಟೇ ಅತಿಥಿಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅತಿಥಿಗೆ "ಆಗೋದಿಲ್ಲ" ಎಂದು ಹೇಳಬಲ್ಲ ಕ್ಯಾಪ್ಟನ್ ಇರುವ ಹಡಗೇ ನನಗೆ ಬೇಕಿತ್ತು.

ದುಡ್ಡಿನ ಕತೆ ಚಿಕ್ಕದು. ಇಬ್ಬರು ಮೂವರಾದರೆ ಬೇರೆಯವರ ಜೊತೆ ಕ್ಯಾಬಿನ್ ಹಂಚಿಕೊಳ್ಳುವ ಟ್ರಿಪ್ ಅಗ್ಗ. ಮೂರು ಹಗಲು, ಎರಡು ರಾತ್ರಿಯದು ಸಾಮಾನ್ಯ. ಒಂದು ಟೆಂಪೊ ಟ್ರಾವೆಲರ್ ತುಂಬುವಷ್ಟು ಜನವಿದ್ದರೆ ಪೂರ್ತಿ ಹಡಗು ಹಿಡಿಯುವುದೇ ವಾಸಿ. ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನಲ್ಲಿ ಎ2 ಫಾರಂ, ಪ್ಯಾನ್ ಕೇಳುತ್ತಾರೆ; ಟಿಸಿಎಸ್ ಎಂದು ಮೊದಲೇ ತೆರಿಗೆ ಹಿಡಿದರೆ ಆಡಿಟರಿಗೆ ಹೇಳಿ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ರಾಷ್ಟ್ರೀಯ ಉದ್ಯಾನದ ಪ್ರವೇಶ, ರೇಂಜರ್ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ ಎಂದು ಬಿಡಿಸಿ ಕೇಳಿ. ಹೆಸರುಗಳ ಪಟ್ಟಿ ಬಂದರಿಗೆ ಮೊದಲೇ ಹೋಗುತ್ತದೆ, ಕೊನೇ ಗಳಿಗೆಯಲ್ಲಿ ಭಾವನ ಮಗನನ್ನೂ ಸೇರಿಸೋಣ ಎಂದರೆ ನಡೆಯದು.

ಅತ್ತೆಗೆ ನೀರು ಎಂದರೆ ಭಯ, ಮಕ್ಕಳಿಗೆ ಘಾಟಿ ರಸ್ತೆಯಲ್ಲೇ ವಾಂತಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ಕೊಟ್ಟೆ. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮಾವ, ಅತ್ತೆಗೆ ಮೇಲಿನ ಡೆಕ್ಕಿನ ಕ್ಯಾಬಿನ್ ಕೊಟ್ಟೆವು. ಕೆಳಗಿನದರಲ್ಲಿ ಓಲಾಟ ಕಡಿಮೆ ನಿಜ, ಆದರೆ ಏಣಿ ಕಡಿದು, ಗಾಳಿ ಕಮ್ಮಿ.

ಊಟಕ್ಕೆ ಬರುತ್ತೇನೆ, ಏಕೆಂದರೆ ಮನೆಯಲ್ಲಿ ನಿಜವಾದ ಚರ್ಚೆ ನಡೆದದ್ದು ಅದರ ಮೇಲೆ. ಹಡಗಿನ ಕೆಲಸದವರು ಸುಲಾವೆಸಿಯ ಕಡಲಿಗರು, ಮುಸ್ಲಿಮರು. ಅವರ ಅಡಿಗೆಮನೆಗೆ ಹಂದಿ ಬರುವುದಿಲ್ಲ. "ಪಂದಿ ಕರಿ ಇಲ್ಲದೆ ಅಷ್ಟು ದಿನವಾ" ಎಂದು ಮಾವ ಗೊಣಗಿದರು. ಡಬ್ಬಿಯಲ್ಲಿ ಹುರಿದು ಒಯ್ಯುತ್ತೇನೆ ಎಂಬ ಮೈದುನನ ಉಪಾಯವನ್ನು ನಾನೇ ತಡೆದೆ. ಕಸ್ಟಮ್ಸ್ ಒಂದು ಕಡೆ ಇರಲಿ, ಇನ್ನೊಬ್ಬರ ಒಲೆಗೆ ಮರ್ಯಾದೆ ಕೊಡಬೇಕು. ಅದರ ಬದಲು ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಮತ್ತು ನಮ್ಮದೇ ಕಾಳುಮೆಣಸಿನ ಪುಡಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಭದ್ರವಾಗಿ ಸುತ್ತಿ ಇಟ್ಟೆ. ಅಡಿಗೆಯವನು ಕಪ್ಪು ಹುಳಿಯನ್ನು ಬೆರಳಲ್ಲಿ ಮುಟ್ಟಿ ನೆಕ್ಕಿದ, ಕಣ್ಣು ಮುಚ್ಚಿದ, ಆ ರಾತ್ರಿಯ ಟ್ಯೂನಾ ಮೀನಿಗೆ ನನ್ನನ್ನೇ ಒಲೆ ಮುಂದೆ ನಿಲ್ಲಿಸಿದ. ಮಾವ ಎರಡು ಸಲ ಅನ್ನ ಹಾಕಿಸಿಕೊಂಡರು. ಕಾಫಿಯ ವಿಷಯದಲ್ಲಿ ಮಾತ್ರ ರಾಜಿ ಆಗಲಿಲ್ಲ: ಅಲ್ಲಿ ಪುಡಿಯ ಮೇಲೆ ನೇರ ಬಿಸಿನೀರು ಸುರಿದು ಚರಟದ ಸಮೇತ ಕೊಡುತ್ತಾರೆ. ಫಿಲ್ಟರ್ ಒಯ್ಯಿರಿ.

ಹಾಯಿ ಏರಿಸಿದ್ದು ಪಾಡರ್ ದ್ವೀಪ ಬಿಟ್ಟ ಮೇಲೆ. ಪಿನಿಸಿಯ ದೊಡ್ಡ ಹಾಯಿಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವುದಿಲ್ಲ. ಕಂಬದ ಬಳಿ ಮುದುರಿಕೊಂಡಿರುವುದನ್ನು ಕಿಟಕಿಯ ಪರದೆಯಂತೆ ಹೊರಕ್ಕೆ ಸರಿಸುತ್ತಾರೆ. ಕೆಲಸದವರೆಲ್ಲ ಸೇರಿ ಹಗ್ಗ ಜಗ್ಗಿದರು, ಮೈದುನನೂ ಸೇರಿಕೊಂಡು ಅಂಗೈ ಸುಲಿಸಿಕೊಂಡ. ಕ್ಯಾಪ್ಟನ್ ಎಂಜಿನ್ ಆರಿಸಿದ. ಅಷ್ಟು ಹೊತ್ತು ಕಾಲಡಿಯಲ್ಲಿ ನಡುಗುತ್ತಿದ್ದ ಮರ ತಟ್ಟನೆ ಸುಮ್ಮನಾಗಿ, ಕೀಲುಗಳು ಕಿರುಗುಟ್ಟುವುದು, ನೀರು ಪಕ್ಕೆಗೆ ಉಜ್ಜುವುದು ಬೇರೆಬೇರೆಯಾಗಿ ಕೇಳತೊಡಗಿತು. ಹಡಗು ಒಂದು ಮಗ್ಗುಲಿಗೆ ವಾಲಿತು. ಅತ್ತೆ ಭಯಪಡುತ್ತಾರೆ ಅಂದುಕೊಂಡಿದ್ದೆ, ಅವರು ಕಂಬಕ್ಕೆ ಒರಗಿ ಕೂತು ಮೇಲೆ ನೋಡುತ್ತಿದ್ದರು. ಒಂದು ಗಂಟೆಯಾಗಿರಬಹುದು, ಗಾಳಿ ಬಿದ್ದುಹೋಯಿತು, ಮತ್ತೆ ಡೀಸೆಲ್. ಆ ಒಂದು ಗಂಟೆಗೇ ಕೊಟ್ಟ ದುಡ್ಡು ಸಂದಿತು ಎಂದು ನನ್ನ ಲೆಕ್ಕ. ಮಕ್ಕಳನ್ನು ಕೇಳಿದರೆ ಗುಲಾಬಿ ಮರಳಿನ ದಂಡೆ ಅನ್ನುತ್ತಾರೆ.

ನೀರಿಗೆ ಇಳಿಯುವಾಗ ಹುಷಾರು. ಹಿಂದೂ ಮಹಾಸಾಗರ ಮತ್ತು ಫ್ಲೋರೆಸ್ ಸಮುದ್ರದ ನೀರು ಈ ದ್ವೀಪಗಳ ಸಂದಿನಲ್ಲೇ ನುಗ್ಗುವುದರಿಂದ ಸೆಳವು ಭಯಂಕರ. ಮಾಂಟಾ ಮೀನು ನೋಡುವ ಜಾಗದಲ್ಲಿ ನಮ್ಮ ಕ್ಯಾಪ್ಟನ್ ನೀರನ್ನು ಒಂದಷ್ಟು ಹೊತ್ತು ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದ. ಮೈದುನ ನನ್ನ ಕಡೆ ನೋಡಿದ, ಏನೂ ಹೇಳಲಿಲ್ಲ.

ಕೊಮೊಡೊ ದ್ವೀಪದಲ್ಲಿ ರೇಂಜರ್ ಇಲ್ಲದೆ ನಡೆಯುವಂತಿಲ್ಲ. ಅವರ ಕೈಯಲ್ಲಿ ಇರುವುದು ತುದಿ ಕವಲಾದ ಒಂದು ಕೋಲು ಮಾತ್ರ. ಎದುರಿಗಿರುವುದು ಮೂರು ಮೀಟರ್ ತನಕ ಬೆಳೆಯುವ, ವಿಷವಿರುವ ಹಲ್ಲಿ, ಕೊಮೊಡೊ ಡ್ರ್ಯಾಗನ್. ಅದಕ್ಕೆ ರಕ್ತದ ವಾಸನೆ ಬಹಳ ದೂರದಿಂದ ತಿಳಿಯುವುದರಿಂದ ಮುಟ್ಟಾದ ಹೆಂಗಸರು ಮೊದಲೇ ತಿಳಿಸಬೇಕೆಂದು ಕೇಳುತ್ತಾರೆ, ಸಂಕೋಚಪಡಬೇಡಿ, ಅಂಥವರನ್ನು ರೇಂಜರ್ ಪಕ್ಕದಲ್ಲೇ ಇಟ್ಟುಕೊಂಡು ನಡೆಸುತ್ತಾರೆ. ಸಂಜೆ ಕಲೊಂಗ್ ದ್ವೀಪದ ಬಳಿ ಲಂಗರು. ಕಾಂಡ್ಲಾ ಕಾಡಿನಿಂದ ಸಾವಿರಾರು ಬಾವಲಿ ಏಳುವುದನ್ನು ನೋಡಲು ಹತ್ತಾರು ಹಡಗು ನಿಂತಿದ್ದವು. "ಬಾವಲಿ ನೋಡೋಕೆ ಇಷ್ಟು ಖರ್ಚಾ?" ಎಂದು ಮಾವ ಕೇಳಿದರು. ನಮ್ಮ ತೋಟದ ಹಣ್ಣು ತಿಂದು ಹೋಗುವ ಕುಲವೇ ಅದು, ನನ್ನ ಬಳಿಯೂ ಉತ್ತರವಿರಲಿಲ್ಲ.

ಕೊನೆಗೆ ಭಕ್ಷೀಸು. ಒಬ್ಬೊಬ್ಬರಿಗೆ ಗುಟ್ಟಾಗಿ ಕೊಡುವುದಕ್ಕಿಂತ ಎಲ್ಲರೂ ನೋಡುವಂತೆ ಅಲ್ಲಿನ ರುಪಿಯದಲ್ಲೇ ಕ್ಯಾಪ್ಟನ್ ಕೈಗೆ ಕೊಡುವುದು ಒಳ್ಳೆಯದು. ವಾಪಸ್ ವಿಮಾನವನ್ನು ಹಡಗು ಇಳಿಯುವ ದಿನಕ್ಕೇ ಬುಕ್ ಮಾಡಬೇಡಿ, ಸಮುದ್ರ ಗಡಿಯಾರ ನೋಡುವುದಿಲ್ಲ. ನಾವು ಒಂದು ದಿನ ಹೆಚ್ಚು ಇಟ್ಟುಕೊಂಡಿದ್ದೆವು. ಹಡಗು ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಆ ದಿನ ಕೈಯಲ್ಲಿ ಉಳಿಯಿತು, ಅದೇ ಫ್ಲೋರೆಸ್ ದ್ವೀಪದ ರುಟೆಂಗ್ ಊರಿನ ರಸ್ತೆಯಲ್ಲಿ ಕಾಫಿ ಬೆಳೆಯುತ್ತಾರಂತೆ ಎಂದು ಮಾವ ಕಾರು ಮಾಡಿಸಿದರು. ತೋಟದವನಿಗೆ ಕನ್ನಡ ಬಾರದು, ಮಾವನಿಗೆ ಅವನ ಭಾಷೆ ಬಾರದು. ನೆರಳು ಮರಗಳ ಕೊಂಬೆ ಸವರಿ ಮರಗಸಿ ಮಾಡಿಲ್ಲ, ಚಿಗುರು ತೆಗೆದಿಲ್ಲ ಎಂದು ಮಾವ ಕೈಸನ್ನೆಯಲ್ಲೇ ಅವನನ್ನು ಬೈಯುತ್ತಾ ಗಿಡದಿಂದ ಗಿಡಕ್ಕೆ ನಡೆದರು. ಅವನು ಒಳಗೆ ಹೋಗಿ ಕತ್ತರಿ ತಂದು ಅವರ ಕೈಗೇ ಕೊಟ್ಟ.