ಹೆಸರಿಲ್ಲದ ಗಿಟಾರಿನ ಹುಟ್ಟೂರು ಪತ್ತೆಯಾದದ್ದು ಹೀಗೆ

ನಾನು ಕೊಂಡ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಬಗ್ಗೆ ಹದಿನಾಲ್ಕು ತಿಂಗಳು ಎಲ್ಲರದ್ದೂ ಒಂದೇ ಮಾತು: ‘ಅದು ಜಪಾನಿಂದು, ಅಲ್ಲಿನ ಟೆಯಿಸ್ಕೊ ಕಂಪನಿಯದ್ದಿರಬೇಕು, ಅದರ ಹಿಂದೆ ಯಾಕೆ ಬಿದ್ದಿದ್ದೀರಿ?’ ಮೂರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ), ಒಂದೊಂದಕ್ಕೂ ಒಂದೊಂದು ಸ್ವಿಚ್, ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ತುದಿ) ಮೇಲೆ ಹೆಸರಿಲ್ಲ. ಇಂಥದ್ದು ಕಂಡರೆ ಮೊದಲು ಬಾಯಿಗೆ ಬರುವುದು ಆ ಹೆಸರೇ. ನಾನು ಚೆಕೊಸ್ಲೊವಾಕಿಯಾ ಅಂದಾಗ ಕೈಪಳಗಿದ ನಾಲ್ಕೈದು ಜನ ತಲೆಯಾಡಿಸಿ ಸುಮ್ಮನಾದರು. ಈಗ ಅವರೆಲ್ಲ ಒಪ್ಪಿದ್ದಾರೆ. ಹೇಗೆ ಒಪ್ಪಿಸಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ನಾನೂ ಜಪಾನ್ ಅಂತಲೇ ನಂಬಿದ್ದೆ. ಕಾರಣ, ಪಿಕ್‌ಗಾರ್ಡ್ (ಮುಂಭಾಗದ ಹೊದಿಕೆ ಫಲಕ) ಬಿಚ್ಚಿದಾಗ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಪದ, ಅದರ ಪಕ್ಕ ‘67’. ಕವಾಯಿ ಕಂಪನಿ ಟೆಯಿಸ್ಕೊವನ್ನು ಕೊಂಡದ್ದು 1967ರಲ್ಲಿ. ಆ ಗಡಿಬಿಡಿಯ ವರ್ಷದಲ್ಲಿ ಹೆಸರು ಹಚ್ಚದೆ ಕಳಿಸಿದ ಗಿಟಾರ್ ಇರಬೇಕೆಂದು ಕಥೆ ಕಟ್ಟಿಕೊಂಡೆ. ಕಥೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಪಕ್ಕದ ಪದವನ್ನು ಓದುವ ಗೋಜಿಗೇ ಹೋಗಲಿಲ್ಲ.

ಹಣ ಹೋದದ್ದು ಇಲ್ಲೇ. ಗಿಟಾರಿಗೆ ಕೊಟ್ಟದ್ದನ್ನು ಒಂದು ಪಾಲು ಎಂದಿಟ್ಟುಕೊಂಡರೆ, ಹಳೆಯ ಟೆಯಿಸ್ಕೊ ಬ್ಯಾಡ್ಜ್, ಟ್ರೆಮೊಲೊ ಕೈ (ಸ್ವರ ಅಲುಗಿಸುವ ಸಲಾಕೆ) ಮತ್ತು ‘ಅದೇ ಕಾಲದ್ದು’ ಎಂದು ಒಬ್ಬರು ಆಣೆ ಹಾಕಿ ಕೊಟ್ಟ ಒಂದು ಪಿಕಪ್ ಸೇರಿ ಒಂದೂವರೆ ಪಾಲು ಕೈಬಿಟ್ಟಿತು. ಟ್ರೆಮೊಲೊ ಕೈ ಥ್ರೆಡ್ಡಿಗೆ ಹತ್ತಲಿಲ್ಲ. ಪಿಕಪ್ ಗುಂಡಿಯಲ್ಲಿ ಕೂರಲಿಲ್ಲ, ಆರೇಳು ಮಿಲಿಮೀಟರ್ ಉದ್ದ. ಮರ ಕೊರೆದು ಕೂರಿಸಿ ಅಂದರು. ಕೊರೆಯಲಿಲ್ಲ, ಅದೊಂದು ಪುಣ್ಯ. ಬ್ಯಾಡ್ಜಿನ ಕಾಲುಗಳ ಅಂತರಕ್ಕೂ ಹೆಡ್‌ಸ್ಟಾಕಿನ ಹಳೆಯ ತೂತುಗಳಿಗೂ ಸಂಬಂಧವೇ ಇರಲಿಲ್ಲ. ಮೂರು ಸಲ ಸುಳ್ಳಾದ ಮೇಲೂ ನಾನು ಊಹೆಯನ್ನು ಬಿಡದೆ ಭಾಗಗಳನ್ನೇ ದೂರುತ್ತಿದ್ದೆ.

ಸ್ಕೇಲ್ (ತಂತಿಯ ಮಿಡಿಯುವ ಉದ್ದ, ಹನ್ನೆರಡನೇ ಫ್ರೆಟ್ಟಿನವರೆಗಿನ ಅಳತೆಯ ಎರಡರಷ್ಟು) ಅಳತೆಯಲ್ಲಿ ಇನ್ನೊಂದು ತಿಂಗಳು ಹಾಳಾಯಿತು. ಇದಕ್ಕೆ ಝೀರೋ ಫ್ರೆಟ್ ಇದೆ, ಅಂದರೆ ತಂತಿ ಕೂರುವ ನಟ್‌ನ ಮುಂದೆಯೇ ಇನ್ನೊಂದು ಫ್ರೆಟ್, ಅಳತೆ ಶುರುವಾಗಬೇಕಾದದ್ದು ಅಲ್ಲಿಂದ. ನಾನು ಅಭ್ಯಾಸಬಲದಿಂದ ನಟ್‌ನಿಂದಲೇ ಹನ್ನೆರಡನೇ ಫ್ರೆಟ್ಟಿಗೆ ಟೇಪ್ ಹಿಡಿದೆ. ಐದು ಮಿಲಿಮೀಟರ್ ತಪ್ಪು. ಎರಡರಿಂದ ಗುಣಿಸಿದರೆ ಹತ್ತು. ಆ ಹತ್ತು ಮಿಲಿಮೀಟರಿನಲ್ಲಿ ಒಂದು ಕಾರ್ಖಾನೆಯ ಗಿಟಾರ್ ಇನ್ನೊಂದು ಕಾರ್ಖಾನೆಯದಾಗಿಬಿಡುತ್ತದೆ. ಆ ತಪ್ಪು ಸಂಖ್ಯೆ ಹಿಡಿದುಕೊಂಡು ಇಟಲಿಯ ಎಕೊ, ಸ್ವೀಡನ್ನಿನ ಹಾಗ್‌ಸ್ಟ್ರಮ್ ಎಲ್ಲ ಸುತ್ತಿ ಬಂದೆ.

ಸ್ಕ್ರೂ ಥ್ರೆಡ್ ಅಳೆದಾಗ ಮೆಟ್ರಿಕ್ ಬಂತು. ಅಮೆರಿಕದ ಹಾರ್ಮನಿ, ಕೇ, ವ್ಯಾಲ್ಕೊ ಒಂದೇ ಏಟಿಗೆ ಪಟ್ಟಿಯಿಂದ ಹೋದವು. ಪಾಟ್‌ಗಳ (ವಾಲ್ಯೂಮ್, ಟೋನ್ ತಿರುಗಿಸುವ ಭಾಗಗಳು) ಬೆನ್ನಲ್ಲಿ 137 ಅಥವಾ 304ರಿಂದ ಶುರುವಾಗುವ ಅಮೆರಿಕನ್ ತಯಾರಕರ ಕೋಡ್ ಹುಡುಕುವ ಕೆಲಸವೂ ತಪ್ಪಿತು. ಆದರೆ ಜಪಾನೂ ಮೆಟ್ರಿಕ್ಕೇ, ಹಾಗಾಗಿ ಮುಖ್ಯ ಜಗಳ ಬಗೆಹರಿಯಲಿಲ್ಲ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಒಂದೇ ಪಿಕಪ್ ಬೆಳಿಗ್ಗೆ ಒಂದು ರೆಸಿಸ್ಟೆನ್ಸ್ (ವಿದ್ಯುತ್ ತಡೆ), ಮಧ್ಯಾಹ್ನ ಇನ್ನೊಂದು ತೋರಿಸುತ್ತಿತ್ತು. ಮೀಟರ್ ಕೆಟ್ಟಿದೆ ಅಂದುಕೊಂಡು ಹೊಸದು ತಂದೆ, ಅದಕ್ಕೂ ದುಡ್ಡು. ಹೊಸ ಮೀಟರೂ ಅದನ್ನೇ ಹೇಳಿತು. ತಾಮ್ರದ ತಂತಿಯ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.4 ಏರುತ್ತದೆ; ಹತ್ತು ಡಿಗ್ರಿ ಬಿಸಿಯಾದರೆ 6 ಕಿಲೋಓಮ್ ಪಿಕಪ್ 6.2 ದಾಟುತ್ತದೆ. ಒಂದು ವಾರ ನೆರಳಲ್ಲಿ, ಬಿಸಿಲಲ್ಲಿ ಇಟ್ಟು ಬರೆದುಕೊಂಡೆ. ಮೂಲ ಪತ್ತೆಗೆ ಇದರಿಂದ ಪ್ರಯೋಜನವಾಗಲಿಲ್ಲ, ಆದರೆ ಅಂದಿನಿಂದ ಉಷ್ಣತೆ ಹೇಳದೆ ಯಾರಾದರೂ ಪಿಕಪ್ ಅಂಕಿ ಕೊಟ್ಟರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಾರಿ ತೆರೆದದ್ದು ಔಟ್‌ಪುಟ್ ಜ್ಯಾಕಿನಿಂದ, ಅಂದರೆ ಕೇಬಲ್ ಸಿಕ್ಕಿಸುವ ಸಾಕೆಟ್ಟಿನಿಂದ. ಜ್ಯಾಕ್ ಸಾಮಾನ್ಯ ಕಾಲಿಂಚಿನದೇ. ಅದರ ಎರಡೂ ಬದಿಗೆ ಯಾರೋ ಪುಟ್ಟಿ ತುಂಬಿ ಬಣ್ಣ ಬಳಿದ ಎರಡು ಸಣ್ಣ ತೂತುಗಳಿದ್ದವು. ಟಾರ್ಚನ್ನು ಓರೆಯಾಗಿ ಹಿಡಿದಾಗಷ್ಟೇ ಕಾಣುತ್ತವೆ. ಕಾಲಿಂಚಿನ ಜ್ಯಾಕಿಗೆ ಆ ತೂತುಗಳು ಬೇಕಿಲ್ಲ. ಡಿನ್ ಸಾಕೆಟ್ಟಿನಂಥ (ಹಲವು ಪಿನ್ನುಗಳ ಜರ್ಮನ್ ಮಾದರಿಯ ದುಂಡು ಸಾಕೆಟ್), ಎರಡು ಸ್ಕ್ರೂ ಹಾಕಿ ಹಿಡಿಸುವ ಯಾವುದೋ ಸಾಕೆಟ್ ಅಲ್ಲಿತ್ತು. ಜರ್ಮನಿಯಿಂದ ಸೋವಿಯತ್ ಒಕ್ಕೂಟದವರೆಗೆ ಆ ಕಾಲದ ಗಿಟಾರ್‌ಗಳಲ್ಲಿ ಡಿನ್ ಕಾಣಿಸುತ್ತದೆ. ಜಪಾನ್ ಅನ್ನುವ ಊಹೆ ಮೊದಲ ಬಾರಿ ಅಲುಗಾಡಿತು.

ಆಮೇಲೆ ಟೋನ್ ಕೆಪಾಸಿಟರ್, ಒಳಗಿನ ವೈರಿಂಗಿನಲ್ಲಿ ದನಿಯ ತೀಕ್ಷ್ಣತೆ ತಗ್ಗಿಸುವ ಪುಟ್ಟ ಭಾಗ. ಮೊದಲ ದಿನವೇ ನೋಡಿದ್ದೆ. ಮುದ್ರೆ ಅಳಿಸಿ ಕೊನೆಯ ಎರಡು ಅಕ್ಷರ ಮಾತ್ರ ಉಳಿದಿತ್ತು. ಈ ಸಲ ಸೋಲ್ಡರ್ ಮುಟ್ಟದೆ, ಹಲ್ಲಿನ ವೈದ್ಯರ ಕನ್ನಡಿ ಇಟ್ಟು ಹಿಂಬದಿ ನೋಡಿದೆ. ಅಲ್ಲಿ ಪೂರ್ತಿ ಇತ್ತು: ಟೆಸ್ಲಾ. 1946ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಹೆಸರು ಅದು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಆ ಪೆನ್ಸಿಲ್ ಬರಹಕ್ಕೆ ಮರಳಿದೆ. ಮಸುಕಾದ ಬರಹವನ್ನು ಮರಕ್ಕೆ ಹಾನಿಯಾಗದಂತೆ ಎಬ್ಬಿಸುವ ಒಂದು ವಿಧಾನ ನನ್ನದಿದೆ. ಕಲಿಯಲು ಮೂರು ಹಾಳು ಬಾಡಿಗಳು ಬೇಕಾದವು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಎದ್ದು ಬಂದ ಪದದಲ್ಲಿ ಆರ್ ಅಕ್ಷರದ ತಲೆಯ ಮೇಲೆ ಪುಟ್ಟ ಕೊಕ್ಕೆ. ಇಷ್ಟು ದಿನ ಅದನ್ನು ಗೀರು ಅಂದುಕೊಂಡಿದ್ದೆ! ಆರ್ ಮೇಲೆ ಕೊಕ್ಕೆ ಹಾಕುವ ಭಾಷೆಗಳು ಬೆರಳೆಣಿಕೆಯವು, ಅವುಗಳಲ್ಲಿ ದೊಡ್ಡದು ಚೆಕ್. ಇನ್ನು ‘67’: ಮಧ್ಯ ಯೂರೋಪಿನ ಕೈಬರಹದಲ್ಲಿ 7ಕ್ಕೆ ಸೊಂಟದಲ್ಲಿ ಅಡ್ಡಗೆರೆ ಇರುತ್ತದೆ, 1ಕ್ಕೆ ಎಡಗಡೆ ಉದ್ದನೆಯ ಬಾಲ. ನನ್ನದರಲ್ಲಿ ಅಡ್ಡಗೆರೆ ಇಲ್ಲ, ಬಾಲ ಇದೆ. ಅದು 61. ನನ್ನನ್ನು ವರ್ಷವಿಡೀ ದಾರಿ ತಪ್ಪಿಸಿದ ಅಂಕಿಯೇ ಕಡೆಗೆ ಸಾಕ್ಷಿ ನುಡಿಯಿತು.

ತಕರಾರು ಬಂದೇ ಬಂತು. ‘ಕೆಪಾಸಿಟರ್ ಯಾರೋ ಬದಲಾಯಿಸಿರಬಹುದು’ ಅಂದರು. ಸರಿಯಾದ ಪ್ರಶ್ನೆಯೇ. ಅದರ ಎರಡೂ ತುದಿಯ ಸೋಲ್ಡರ್ ಪಾಟ್‌ಗಳದ್ದರಷ್ಟೇ ಬೂದು ತಿರುಗಿತ್ತು. ಯಾರೋ ಹಾಕಿದ ಜ್ಯಾಕಿನದು ಮಾತ್ರ ಹೊಳೆಯುತ್ತಿತ್ತು. ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ತೋರಿಸಿದೆ. ಮುಟ್ಟದೆ ಉಳಿದ ಸ್ಕ್ರೂಗಳೆಲ್ಲ ಒಂದೇ ಗೀರಿನವು, ಪ್ಲಸ್ ತಲೆಯದು ಒಂದೂ ಇಲ್ಲ. ಇವುಗಳಲ್ಲಿ ಯಾವ ಒಂದನ್ನೂ ನಾನು ಒಂಟಿಯಾಗಿ ನಂಬುವುದಿಲ್ಲ. ಮರದ ಮೇಲಿನ ಕೈಬರಹ, ವೈರಿಂಗ್, ಸ್ಕ್ರೂ, ಮುಚ್ಚಿದ ತೂತು, ಇಷ್ಟನ್ನೂ ಯಾರೂ ಒಟ್ಟಿಗೆ ಬದಲಾಯಿಸುವುದಿಲ್ಲ. ಬ್ಯಾಡ್ಜ್, ಪಿಕಪ್, ಟ್ಯೂನರ್ ಕಣ್ಣಿಗೆ ಬೀಳುವಂಥವು, ಬದಲಾಗುವಂಥವು. ನಾನು ಮೊದಲ ವರ್ಷವೆಲ್ಲ ಅವನ್ನೇ ನೋಡುತ್ತಿದ್ದೆ.

ಚೆಕೊಸ್ಲೊವಾಕಿಯಾದ ಬ್ಲಾಟ್ನಾ ಊರಿನಲ್ಲಿ ತಯಾರಾಗಿ, ಬ್ರಿಟನ್ನಿನಲ್ಲಿ ಸೆಲ್ಮರ್ ಕಂಪನಿಯ ಮೂಲಕ ಫ್ಯೂಚುರಾಮಾ ಹೆಸರಲ್ಲಿ ಮಾರಾಟವಾದ ಗಿಟಾರ್ ಗ್ರಾಜಿಯೋಸೊ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1959ರಲ್ಲಿ ಕೊಂಡದ್ದು ಅದೇ. ನನ್ನದು ಆ ವಂಶದ ಹತ್ತಿರದ ನೆಂಟ ಅನ್ನುವವರೆಗೆ ಧೈರ್ಯವಾಗಿ ಹೇಳುತ್ತೇನೆ. ಮೂರು ಪಿಕಪ್ಪಿಗೆ ಮೂರು ಸ್ವಿಚ್ ಅನ್ನುವ ಏರ್ಪಾಡು ಟೆಯಿಸ್ಕೊ ಸೊತ್ತಲ್ಲ, ಗ್ರಾಜಿಯೋಸೊದಲ್ಲೂ ಇತ್ತು.

ಬ್ಯಾಡ್ಜನ್ನೂ ಪಿಕಪ್ಪನ್ನೂ ಅಸಲಿ ಟೆಯಿಸ್ಕೊ ಇಟ್ಟುಕೊಂಡವರೊಬ್ಬರಿಗೆ ಕೊಟ್ಟದ್ದರಿಂದ ಕಳೆದುಕೊಂಡ ಹಣದಲ್ಲಿ ಮುಕ್ಕಾಲು ವಾಪಸು ಬಂತು. ಮೊನ್ನೆ ಪುಟ್ಟಿ ಕಿತ್ತು ಆ ಎರಡು ತೂತುಗಳನ್ನು ಬಿಡಿಸಿದೆ. ಅಂತರ ಬರೆದಿಟ್ಟುಕೊಂಡಿದ್ದೇನೆ, ಸರಿಯಾದ ಸಾಕೆಟ್ ಸಿಗುವವರೆಗೆ ಜ್ಯಾಕ್ ಹಾಗೇ ಇರುತ್ತದೆ.