ಬ್ರೇಕ್ ಆಯಿಲ್ ಬದಲಿಸುವಾಗ ‘ಬಿಡು’ ಅನ್ನಬೇಡಿ

ನನ್ನ ಕಾರಿಗೆ ಈಗ 26 ವರ್ಷ. ಹೋದ ತಿಂಗಳಿಂದ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ, ಹಾಸಿಗೆ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತಿತ್ತು. ಬಾನೆಟ್ ಎತ್ತಿ ನೋಡಿದೆ. ಹೊಸದರಲ್ಲಿ ತಿಳಿಹಳದಿ ಇರುವ ಬ್ರೇಕ್ ಆಯಿಲ್ ಕಡುಕಂದು ಬಣ್ಣಕ್ಕೆ ತಿರುಗಿತ್ತು. ತಪ್ಪು ನನ್ನದೇ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದನ್ನು ಐದು ವರ್ಷ ಮರೆತಿದ್ದೆ.

ಆಯಿಲ್ ಅನ್ನುತ್ತೇವೆ ಅಷ್ಟೇ, ಅದು ಎಣ್ಣೆ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ಮೂರೂ ದರ್ಜೆಗಳು ಗ್ಲೈಕಾಲ್ ಜಾತಿಯವು. ಗಾಳಿಯಲ್ಲಿನ ತೇವ ಹೀರುತ್ತವೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೆ ಶೇ 3.7ರಷ್ಟು ನೀರು ಸೇರಿದರೆ 155 ಡಿಗ್ರಿಯ ಆಸುಪಾಸಿಗೇ ಕುದಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಒಳಗೆ ಆವಿಯ ಗುಳ್ಳೆ ಎದ್ದರೆ, ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಯಾವ ಡಾಟ್ ಬೇಕು ಅನ್ನುವುದು ಬಾನೆಟ್ ಕೆಳಗೆ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಡಾಟ್ 5 ಮಾತ್ರ ಬೇರೆ ಜಾತಿ, ಸಿಲಿಕಾನ್. ಅದನ್ನು ಉಳಿದವುಗಳ ಜೊತೆ ಬೆರೆಸಬೇಡಿ. ಸೀಲ್ ಒಡೆಯದ ಒಂದು ಲೀಟರ್ ಇದ್ದರೆ ಸಣ್ಣ ಕಾರಿಗೆ ಧಾರಾಳ. ಹೋದ ವರ್ಷ ತೆರೆದಿಟ್ಟ ಅರ್ಧ ಬಾಟಲಿ ಬೇಡ, ಅದು ಅಷ್ಟರಲ್ಲಿ ನೀರು ಕುಡಿದಿರುತ್ತದೆ.

ನಿಜವಾದ ಕೆಲಸ ಹಿಂದಿನ ದಿನವೇ ಶುರು. ಹಳೇ ಕಾರಿನಲ್ಲಿ ಬ್ಲೀಡಿಂಗ್ ನಿಪ್ಪಲ್, ಅಂದರೆ ಚಕ್ರದ ಬ್ರೇಕಿನಿಂದ ಹಳೇ ಆಯಿಲ್ ಮತ್ತು ಗಾಳಿ ಹೊರಬಿಡುವ ಸಣ್ಣ ತಿರುಪು, ತುಕ್ಕು ಹಿಡಿದು ಕೂತಿರುತ್ತದೆ. ಸಂಜೆಯೇ ತಂತಿಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಸಲ ತಟ್ಟಿ, ಆರು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ. ಒಮ್ಮೆ ನಾನು ಅವಸರಪಟ್ಟು ಒಂದು ನಿಪ್ಪಲ್ಲನ್ನು ಬುಡದಲ್ಲೇ ಮುರಿದೆ. ಅರ್ಧ ಗಂಟೆಯ ಕೆಲಸಕ್ಕೆ ಆ ಕಡೆಯ ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಪೂರ್ತಿ ಬದಲಿಸಬೇಕಾಯಿತು. ತಿರುಗದಿದ್ದರೆ ಬಲ ಹಾಕಬೇಡಿ. ಇನ್ನೊಂದು ದಿನ ಸ್ಪ್ರೇ ಹೊಡೆದು ಕಾಯಿರಿ.

ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಡ್ರಮ್ಮಿಗೆ ಒಳಗಿಂದ ಒತ್ತುವ ಶೂ ಮೊದಲು ಅಡ್ಜಸ್ಟ್ ಮಾಡಿ. ಶೂ ಸಡಿಲವಿದ್ದರೆ ಎಷ್ಟು ಗಾಳಿ ತೆಗೆದರೂ ಪೆಡಲ್ ಕೆಳಗೇ ಇರುತ್ತದೆ, ಆಯಿಲ್ ಸುಮ್ನೆ ದಂಡ. ಕೆಲವು ಕಾರುಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ, ಹಿಂದಿನ ಆಕ್ಸಲ್‌ಗೆ ಕಟ್ಟಿದ ಲೋಡ್ ವಾಲ್ವ್ ಇರುತ್ತದೆ. ಚಕ್ರ ನೇತಾಡುತ್ತಿದ್ದರೆ ಅದು ಆಯಿಲ್ ತಡೆಯಬಹುದು. ಅಂಥ ಕಾರಿಗೆ ಸ್ಟ್ಯಾಂಡನ್ನು ಆಕ್ಸಲ್ ಕೆಳಗೇ ಕೊಡಿ.

ಹಳೇ ಆಯಿಲ್ ಅಷ್ಟನ್ನೂ ಪೈಪಿನ ಮೂಲಕ ತಳ್ಳಬೇಕಿಲ್ಲ. ಡಬ್ಬಿಯಲ್ಲಿರುವುದನ್ನು ದೊಡ್ಡ ಸಿರಿಂಜ್‌ನಿಂದ ಎಳೆದು, ಹೊಸದು ತುಂಬಿ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವುದು ಮಾಸ್ಟರ್ ಸಿಲಿಂಡರ್. ಸಾಮಾನ್ಯವಾಗಿ ಅದಕ್ಕೆ ತೀರಾ ದೂರದ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬರುತ್ತೇವೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಮ್ಯಾನ್ಯುಯಲ್ ನೋಡದೆ ಮುಟ್ಟಲೇಬೇಡಿ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡಿ.

ಇನ್ನು ಪೆಡಲ್ ಒತ್ತುವವರು. ನಮ್ಮನೆಯಲ್ಲಿ ಆ ಕೆಲಸ ಮಗಳದು. ಮೊದಲ ಸಲ ಅವಳು ಒತ್ತಿ ಹಿಡಿದಳು. ನಾನು ಕೆಳಗಿಂದ ನಿಪ್ಪಲ್ ಸಡಿಲಿಸಿ “ಬಿಟ್ಟೆ” ಅಂದೆ. ಅವಳಿಗೆ “ಬಿಡು” ಅಂತ ಕೇಳಿಸಿತು. ಪೆಡಲ್‌ನಿಂದ ಕಾಲು ತೆಗೆದಳು. ಬಾಟಲಿಯಿಂದ ಟ್ಯೂಬಿನೊಳಗೆ ಆಯಿಲ್ ಸರ್ರನೆ ವಾಪಸ್ ಏರಿತು. ನಿಪ್ಪಲ್ ಥ್ರೆಡ್ಡಿನ ಸಂದಿಯಿಂದ ಗಾಳಿಯೂ ಒಳಗೆ ಹೋಯಿತು. ತೆಗೆದಿದ್ದಕ್ಕಿಂತ ಜಾಸ್ತಿ ಗಾಳಿ ತುಂಬಿಸಿದ್ದೆವು!

“ಅಪ್ಪಾ, ನೀವೇ ಬಿಡು ಅಂದ್ರಲ್ಲ?”

ಅಂದಿನಿಂದ ‘ಬಿಡು’ ನಿಷೇಧ. ನಾನು “ಒತ್ತು” ಅನ್ನುತ್ತೇನೆ. ಅವಳು ನಿಧಾನಕ್ಕೆ ಒತ್ತಿ “ಒತ್ತಿದೆ” ಅನ್ನುತ್ತಾಳೆ. ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸುತ್ತೇನೆ. ಪೆಡಲ್ ತಾನಾಗಿ ಕೆಳಗಿಳಿಯುತ್ತದೆ, ಅವಳು ಹಾಗೇ ಹಿಡಿದಿರುತ್ತಾಳೆ. ನಿಪ್ಪಲ್ ಬಿಗಿದ ಮೇಲೆ “ಕಾಲೆತ್ತು” ಅನ್ನುತ್ತೇನೆ. ಪಟಪಟ ಪಂಪ್ ಮಾಡಬಾರದು, ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ. ನೊರೆ ಬೇಗ ಹೊರಗೆ ಬರುವುದಿಲ್ಲ.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನಾ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆ ತುಕ್ಕು ಮತ್ತು ಗಸಿ. ಪೆಡಲ್ ನೆಲ ಮುಟ್ಟುವಷ್ಟು ಒತ್ತಿದರೆ ರಬ್ಬರ್ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯಬಹುದು. ತಂತ್ರ ಸಣ್ಣದು, ಆದರೆ ನನ್ನ ಲೆಕ್ಕದಲ್ಲಿ ಹಳೇ ಕಾರಿಗೆ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ.

ಮೊದಲು ಕಪ್ಪು ಆಯಿಲ್ ಬರುತ್ತದೆ, ಆಮೇಲೆ ಗುಳ್ಳೆಗಳು, ಆಮೇಲೆ ತಿಳಿ. ತಿಳಿಯಾದ ಮೇಲೂ ಎರಡು ಮೂರು ಸಲ ಮಾಡಿ ಮುಂದಿನ ಚಕ್ರಕ್ಕೆ ಹೋಗಿ. ಐದಾರು ಸಲಕ್ಕೊಮ್ಮೆ ಎದ್ದು ಡಬ್ಬಿ ನೋಡಿ. ಅದು ಖಾಲಿಯಾಗಿ ಗಾಳಿ ಎಳೆದರೆ ಎಲ್ಲ ಮೊದಲಿನಿಂದ. ನಿಪ್ಪಲ್ ಬಿಗಿಯುವಾಗ ಮಣಿಕಟ್ಟಿನ ಬಲ ಸಾಕು.

ಮುಗಿದ ಮೇಲೆ ಡಬ್ಬಿ ಮ್ಯಾಕ್ಸ್ ಗೆರೆಗೆ ತುಂಬಿ ಮುಚ್ಚಿ. ಮರದ ತುಂಡು ತೆಗೆದು, ಪೆಡಲ್ ಒತ್ತಿಕೊಂಡೇ ಇಂಜಿನ್ ಆನ್ ಮಾಡಿ, ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಂಜಿನ್ ಶುರುವಾದಾಗ ಪೆಡಲ್ ಚೂರು ಇಳಿಯುವುದು ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ, ಭಯ ಬೇಡ. ಆಮೇಲೂ ಮೆಲ್ಲಗೆ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಕಾರು ಹೊರಗೆ ತೆಗೆಯಬೇಡಿ. ಇಳಿಯದೆ ಮೆತ್ತಗೇ ಇದ್ದರೆ ಇನ್ನೂ ಗಾಳಿ ಇರಬಹುದು, ಅಥವಾ ಹಳೇ ರಬ್ಬರ್ ಹೋಸ್ ಊದಿಕೊಳ್ಳುತ್ತಿರಬಹುದು. ಮಗಳಿಗೆ ಪೆಡಲ್ ಒತ್ತಲು ಹೇಳಿ ಹೋಸನ್ನು ಕೈಯಲ್ಲಿ ಹಿಡಿದು ನೋಡಿದೆ. ನನ್ನ ಕಾರಿನಲ್ಲಿ ಮುಂದಿನ ಎಡಗಡೆಯದು ಬೆರಳಿಗೆ ಗೊತ್ತಾಗುವಷ್ಟು ಉಬ್ಬುತ್ತಿತ್ತು. ಅದನ್ನು ಬದಲಿಸಿ, ಮತ್ತೆ “ಒತ್ತು” ಅಂದೆ.